ತಿಂಗಳ ಸಂಬಳ ಗೊತ್ತಿಲ್ಲದ ಊರು

ಶಿರಸಿಗೆ ಹೊಸದಾಗಿ ವರ್ಗವಾಗಿ ಬರುವ ಬ್ಯಾಂಕಿನವರ ಮಳೆಗಾಲದ ಗೊಣಗಾಟ ಒಂದೇ: ಈ ಊರವರು ತಿಂಗಳ ಕಂತು ಸರಿಯಾಗಿ ಕಟ್ಟುವುದಿಲ್ಲ. ಮಾರ್ಚ್ ಬಂತೆಂದರೆ ಅದೇ ಜನ ವರ್ಷದ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ತುಂಬಿ, ರಸೀದಿ ಮಡಚಿ ಜೇಬಿಗಿಟ್ಟುಕೊಂಡು ಹೋಗುತ್ತಾರೆ. ಸಾಲ ತೀರಿಸುವ ಮನಸ್ಸಿಗೇನೂ ಕೊರತೆಯಿಲ್ಲ. ಅಡಿಕೆಯ ಊರಿನಲ್ಲಿ ದುಡ್ಡು ಬರುವುದೇ ಹಾಗೆ. ಈ ಊರಿಗೆ ಬಂದು ಅಂಗಡಿ ಇಡುವವರು, ದವಾಖಾನೆ ತೆರೆಯುವವರು, ಶಾಲೆಗೆ ಮಾಸ್ತರರಾಗಿ ಬರುವವರು ಮೊದಲು ತಿಳಿಯಬೇಕಾದ್ದು ಇದನ್ನು. ಇಲ್ಲಿನವರ ಜಿಗುಟುತನ, ಲೆಕ್ಕಾಚಾರ, ಯಾವುದಕ್ಕೂ ಅವಸರ ಮಾಡದ ಗುಣ, ಎಲ್ಲ ಅದರಿಂದಲೇ ಬಂದದ್ದು.

ಊರು ದೊಡ್ಡದೇನಲ್ಲ. 2011ರ ಜನಗಣತಿಯಲ್ಲಿ 62 ಸಾವಿರ ಚಿಲ್ಲರೆ ಜನ. ಘಟ್ಟದ ಮೇಲಿದೆ, ರೈಲಿಲ್ಲ, ಕುಮಟಾಕ್ಕೆ ಇಳಿಯಬೇಕೆಂದರೆ ದೇವಿಮನೆ ಘಟ್ಟ. ಸುತ್ತಲಿನ ಕಣಿವೆಗಳ ಅಡಿಕೆ ತೋಟವೇ ಪೇಟೆಯ ಬಂಡವಾಳ. ಬಟ್ಟೆ ಅಂಗಡಿ, ಬಂಗಾರದಂಗಡಿ, ಬೈಕ್ ಶೋರೂಮ್ ಯಾವುದರಲ್ಲಿ ವಿಚಾರಿಸಿದರೂ ವ್ಯಾಪಾರದ ಏರಿಳಿತ ಅಡಿಕೆಯ ಹಿಂದೆಯೇ ಹೋಗಿರುತ್ತದೆ. "ಅಡಿಕೆ ಕೊಟ್ಟ ಮೇಲೆ" ಎಂದರೆ ಇಲ್ಲಿ ಅದೊಂದು ತಾರೀಕು. ಮದುವೆಯ ಚೌಲ್ಟ್ರಿಯಿಂದ ಹಿಡಿದು ಮಾಡಿಗೆ ಹೆಂಚು ಬದಲಿಸುವವರೆಗೆ ಎಲ್ಲ ಆ ತಾರೀಕಿಗೆ ಕಾಯುತ್ತವೆ.

ವರ್ಷದ ಮೊದಲ ದೊಡ್ಡ ತೀರ್ಮಾನ ಕೊಯ್ಲಿನ ಹೊತ್ತಿಗೆ, ನವೆಂಬರ್ ಆಸುಪಾಸಿಗೆ ಬರುತ್ತದೆ: ರಾಶಿ ಮಾಡುವುದೋ, ಚಾಲಿ ಮಾಡುವುದೋ? ರಾಶಿಗೆ ಕಾಯಿ ಹಸಿರಿದ್ದಾಗಲೇ ಕೊನೆ (ಅಡಿಕೆ ಗೊನೆ) ಇಳಿಸಬೇಕು. ಇಳಿಸಿದ್ದನ್ನು ಒಂದೆರಡು ದಿನದೊಳಗೆ ಸುಲಿದು, ತೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿದ ನೀರಿನಲ್ಲಿ ಬೇಯಿಸಿ, ಒಣಗಿಸಬೇಕು. ಸಿಪ್ಪೆ ಸಮೇತದ ಹಸಿ ಅಡಿಕೆ ಒಂದು ಕ್ವಿಂಟಲ್ ಇದ್ದರೆ ಕೊನೆಗೆ ಕೈಗೆ ಬರುವ ಒಣ ಮಾಲು ಸುಮಾರು 12ರಿಂದ 13 ಕೆಜಿ. ಆಳು ಒಟ್ಟಿಗೆ ಬೇಕು, ಸೌದೆ ಬೇಕು, ಆದರೆ ದುಡ್ಡು ಡಿಸೆಂಬರ್‌ನಲ್ಲೇ ಸಿಗುತ್ತದೆ. ಚಾಲಿಗೆ ಕಾಯಿ ಹಣ್ಣಾಗುವವರೆಗೆ ಕಾದು, ಸಿಪ್ಪೆ ಸಮೇತ ಅಂಗಳದಲ್ಲಿ 40-45 ದಿನ ಬಿಸಿಲಿಗೆ ಹರವಬೇಕು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗಿನ ಅಡಿಕೆ ಗಡಗಡ ಎಂದರೆ ಒಣಗಿದೆ ಎಂದರ್ಥ. ಖರ್ಚು ಕಡಿಮೆ, ಕಾಯುವುದು ಜಾಸ್ತಿ. ಜನವರಿಯಲ್ಲಿ ಒಂದು ಅಕಾಲಿಕ ಮಳೆ ಬಿದ್ದು, ಹರವಿದ್ದನ್ನು ಬಾಚಿ ಮುಚ್ಚುವಷ್ಟರಲ್ಲಿ ನೆನೆದರೆ ಬಿಳಿ ಬಣ್ಣ ಹೋಗಿ ದರ್ಜೆ ಇಳಿಯುತ್ತದೆ.

ಹಾಗಾಗಿ ಯಾರ ಮನೆಯಲ್ಲಿ ಏನು ಮಾಡುತ್ತಿದ್ದಾರೆ ಎಂಬುದರಿಂದಲೇ ಆ ಮನೆಯ ಪರಿಸ್ಥಿತಿ ಊರಿಗೆ ಅಂದಾಜಾಗುತ್ತದೆ. ಯಾವಾಗಲೂ ಚಾಲಿ ಮಾಡುವ ಮನೆ ಈ ಸಲ ರಾಶಿಗೆ ಇಳಿದರೆ ಮಗಳ ಮದುವೆ ನಿಶ್ಚಯವಾಗಿದೆ, ಇಲ್ಲವೇ ಸಾಲದವರು ಬಾಗಿಲಿಗೆ ಬಂದಿದ್ದಾರೆ. ಇನ್ನೊಬ್ಬರ ಅಂಗಳ ನೋಡಿ ಅವರ ಖಾತೆ ಓದುವ ಈ ಅಭ್ಯಾಸ ಇಲ್ಲಿ ಬೆಳೆದ ಮಕ್ಕಳಿಗೆ ಯಾರೂ ಕಲಿಸದೇ ಬರುತ್ತದೆ. ಖಾಸಗಿತನ ಬೇಕೆನ್ನುವವರಿಗೆ ಇದು ಉಸಿರುಗಟ್ಟಿಸುತ್ತದೆ, ಸುಳ್ಳಲ್ಲ.

ಇನ್ನು ಮಾರುವ ವಿಚಾರ. ಮಾಲು ಹೋಗುವುದು ಹೆಚ್ಚಾಗಿ ಸಹಕಾರಿ ಸಂಘದ ಅಂಗಳಕ್ಕೆ. ಇಲ್ಲಿನ ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾದದ್ದು 1923ರಲ್ಲಿ, ಶತಮಾನ ದಾಟಿದೆ. ಊರವರ ಬಾಯಲ್ಲಿ ಅದು ಟಿಎಸ್ಎಸ್. ಚೀಲ ಇಳಿಸಿ, ಸುರಿದು, ಲಾಟ್ ನಂಬರಿನ ಚೀಟಿ ಇಡುತ್ತಾರೆ. ವ್ಯಾಪಾರಿಗಳು ಬಂದು ಮುಷ್ಟಿಗೆ ತೆಗೆದುಕೊಳ್ಳುತ್ತಾರೆ, ಒಂದೆರಡನ್ನು ಕತ್ತರಿಯಲ್ಲಿ ಸೀಳಿ ಒಳಗಿನ ಬಿಳುಪು ಮತ್ತು ಗೆರೆ ನೋಡುತ್ತಾರೆ, ಟೆಂಡರಿನಲ್ಲಿ ದರ ಬರೆಯುತ್ತಾರೆ. ಮಧ್ಯಾಹ್ನಕ್ಕೆ ದರ ಹೊರಬೀಳುತ್ತದೆ. ಒಪ್ಪಿಗೆಯಾದರೆ ತೂಕ, ಇಲ್ಲವಾದರೆ "ಇವತ್ತು ಕೊಡ್ತಿಲ್ಲೆ" ಎಂದು ಮಾಲು ಅಲ್ಲೇ ಇಡಬಹುದು. ಈ ಬೇಡ ಎನ್ನುವ ಹಕ್ಕು ಸಣ್ಣದಲ್ಲ. ಮಾಲು ಇಟ್ಟು ಅದರ ಮೇಲೆ ಮುಂಗಡ ಪಡೆಯಲು ಬರುವುದರಿಂದಲೇ ಎರಡೆಕರೆಯವನೂ ಎದುರಿನ ವ್ಯಾಪಾರಿಗೆ ಇಲ್ಲ ಎಂದು ಹೇಳಬಲ್ಲ. ಅಡಿಕೆ ಬೆಳೆಯುವ ಸಣ್ಣ ಹಿಡುವಳಿದಾರನ ಬೆನ್ನುಮೂಳೆ ನೆಟ್ಟಗಿರಲು ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಒಂದೇ ಮನೆಯ ಮಾಲು ಒಂದೇ ದರಕ್ಕೆ ಹೋಗುವುದಿಲ್ಲ. ಚಾಲಿ, ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂದು ಪತ್ರಿಕೆಯ ಧಾರಣೆ ಕಾಲಂನಲ್ಲಿ ದರ್ಜೆಗಳು ಸಾಲುಸಾಲು ಬರುತ್ತವೆ. ಮನೆಯಲ್ಲೇ ಆರಿಸದೆ ಕಲಬೆರಕೆ ತಂದರೆ ವ್ಯಾಪಾರಿ ಕೆಟ್ಟ ಕಾಯಿಯ ಲೆಕ್ಕದಲ್ಲೇ ಇಡೀ ಲಾಟಿಗೆ ದರ ಕಟ್ಟುತ್ತಾನೆ. ಆದ್ದರಿಂದ ಜಗಲಿಯಲ್ಲಿ ಕೂತು ಕೋಕಾ, ಅಂದರೆ ಕೆಟ್ಟ ಕಾಯಿ, ಹೆಕ್ಕುವುದು ಅಜ್ಜನಿಂದ ಮೊಮ್ಮಗಳವರೆಗೆ ಎಲ್ಲರ ಕೆಲಸ. ಹದಿನಾರು ಕ್ವಿಂಟಲ್ ಚಾಲಿ ಇರುವ ಮನೆಗೆ ಕ್ವಿಂಟಲಿಗೆ ಎರಡು ಸಾವಿರದ ವ್ಯತ್ಯಾಸವಾದರೆ 32 ಸಾವಿರ. ಸಂಜೆ ಕಟ್ಟೆಯ ಮೇಲೆ "ಚಾಲಿ ಎಷ್ಟಾತೋ?" ಎಂಬ ಪ್ರಶ್ನೆ ಯಾಕೆ ಕುಶಲಪ್ರಶ್ನೆಗಿಂತ ಮೊದಲು ಬರುತ್ತದೆ ಎಂದು ಹೊರಗಿನವರು ನಗುವುದುಂಟು. ಈ ಲೆಕ್ಕ ಮಾಡಿದರೆ ನಗು ನಿಲ್ಲುತ್ತದೆ.

ಕಾಯುವುದಕ್ಕೂ ಕ್ರಮವಿದೆ. ಚಾಲಿಯನ್ನು ಸಿಪ್ಪೆಯಲ್ಲೇ ಇಟ್ಟು ಮಾರುವ ಮುಂಚೆ ಸುಲಿಸುವುದು ಕ್ಷೇಮ, ಹುಳ ಬೇಗ ಹಿಡಿಯುವುದಿಲ್ಲ. ಸುಲಿದದ್ದನ್ನು ಇಡುವುದಾದರೆ ಒಳಗೆ ಪ್ಲಾಸ್ಟಿಕ್ ಚೀಲ, ಹೊರಗೆ ಗೋಣಿ, ನೆಲಕ್ಕೆ ತಾಗದಂತೆ ಹಲಗೆ. ಚೆನ್ನಾಗಿ ಒಣಗದ ಮಾಲನ್ನು ಮಳೆಗಾಲಕ್ಕೆ ಕಟ್ಟಿಟ್ಟರೆ ಬೂಷ್ಟು ಬರುತ್ತದೆ. ದರ ಏರಿದರೂ ಪ್ರಯೋಜನವಿಲ್ಲ. ಕಾದು ಕೆಟ್ಟವರೂ ಊರಲ್ಲಿ ಬೇಕಾದಷ್ಟಿದ್ದಾರೆ. ಏರುವಾಗ ಇನ್ನೂ ಏರಲಿ, ಇಳಿಯುವಾಗ ಮತ್ತೆ ಏರಬಹುದು ಎಂಬ ಆಸೆಯಲ್ಲಿ ಎರಡು ವರ್ಷದ ಬೆಳೆ ಅಟ್ಟದ ಮೇಲೆ ಕೂರುತ್ತದೆ. ಹೊರದೇಶದ ಅಡಿಕೆಗೆ 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಇಲ್ಲಿನ ಕಟ್ಟೆಗಳಲ್ಲಿ ಬಾಯಿಪಾಠ.

ಮಾರಿದ ದುಡ್ಡು ಸೀದಾ ಕೈಗೆ ಬರುವುದಕ್ಕಿಂತ ಖಾತೆಗೆ ಜಮಾ ಆಗುವುದೇ ಹೆಚ್ಚು. ಅದೇ ಖಾತೆಗೆ ಗೊಬ್ಬರ, ಮೈಲುತುತ್ತ, ಸೊಸೈಟಿ ಅಂಗಡಿಯ ಕಿರಾಣಿ, ಹಿಂಡಿ, ಬೆಳೆಸಾಲ ಎಲ್ಲ ಖರ್ಚು ಬೀಳುತ್ತದೆ. ಒಂದು ಮನೆಯ ಇಡೀ ವರ್ಷ ಒಂದೇ ಹಾಳೆಯಲ್ಲಿ. ಸೆಪ್ಟೆಂಬರ್ ಹೊತ್ತಿಗೆ ಹೆಚ್ಚಿನ ಖಾತೆ ಮೈನಸ್, ಮಾರ್ಚ್‌ಗೆ ಸಮ. ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು ರಾಜ್ಯ ಸರಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು, ಆದರೆ ಅವಧಿಯೊಳಗೆ ತುಂಬದಿದ್ದರೆ ಆ ರಿಯಾಯಿತಿ ಹೋಗುತ್ತದೆ. ಅದಕ್ಕೇ ಕೈಯಲ್ಲಿಲ್ಲದಿದ್ದರೆ ಭಾವನ ಹತ್ತಿರ ನಾಲ್ಕು ದಿನಕ್ಕೆ ಕೈಗಡ ತಂದಾದರೂ ತುಂಬಿ, ಹೊಸ ಸಾಲ ಎತ್ತಿ ಮರಳಿಸುವುದು. ಈ ನಾಲ್ಕು ದಿನದ ಕೈಗಡಕ್ಕೆ ಪತ್ರ, ಸಾಕ್ಷಿ ಏನೂ ಇರುವುದಿಲ್ಲ. ಒಮ್ಮೆ ತಪ್ಪಿದವನಿಗೆ ಮುಂದಿನ ಮಾರ್ಚ್‌ನಲ್ಲಿ ಯಾರೂ ಸಿಗುವುದಿಲ್ಲ, ಅಷ್ಟೇ. ಅವನ ಮಗನಿಗೂ ಸಿಗುವುದು ಕಷ್ಟ.

ಸಂಘದ ವಾರ್ಷಿಕ ಸಭೆ ಸೆಪ್ಟೆಂಬರ್‌ನಲ್ಲಿ. ಏಳನೇ ಕ್ಲಾಸು ಕಲಿತವರೂ ಅಢಾವೆ ಪತ್ರಿಕೆ ಬಿಡಿಸಿ ಬೆರಳಿಟ್ಟು ಕೇಳುತ್ತಾರೆ: ಈ ಬಾಬತ್ತು ಹೋದ ವರ್ಷಕ್ಕಿಂತ ಯಾಕೆ ಏರಿತು? ಮೈಕು ಹಿಡಿದು ಮಾತಾಡುವ, ಜಗಳವನ್ನೂ ಠರಾವಿನ ಭಾಷೆಯಲ್ಲಿ ಆಡುವ ಕಲೆ ಇಲ್ಲಿನವರಿಗೆ ಬಂದದ್ದು ಇಂಥ ಸಭೆಗಳಿಂದ. ಅದರ ಕೆಟ್ಟ ಮುಖವೂ ಇದೆ: ಸಂಘದ ಚುನಾವಣೆ ಬಂದರೆ ಅಣ್ಣ ತಮ್ಮಂದಿರು ವರ್ಷಗಟ್ಟಲೆ ಮಾತು ಬಿಡುತ್ತಾರೆ.

ಮಳೆಗಾಲ ಈ ಜನರ ನಿಜವಾದ ಪರೀಕ್ಷೆ. ಕೊಳೆರೋಗ ಬಂದರೆ ಎಳೆಗಾಯಿ ಉದುರಿ, ಹತ್ತೇ ದಿನದಲ್ಲಿ ವರ್ಷದ ಆದಾಯ ಮರದ ಬುಡದಲ್ಲಿ ಬಿದ್ದಿರುತ್ತದೆ. ಮದ್ದು ಬೋರ್ಡೋ ದ್ರಾವಣ: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಐವತ್ತೈವತ್ತು ಲೀಟರಿನಲ್ಲಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಉಜ್ಜಿದ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಇಲ್ಲದಿದ್ದರೆ ಕೊನೆ ಸುಡುತ್ತದೆ. ಕಲಸಿದ್ದು ಅದೇ ದಿನ ಖರ್ಚಾಗಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40-45 ದಿನದ ಮೇಲೆ. ಎಲ್ಲರ ಕೈ ಸುಡುವುದು ಈ ಎರಡನೆಯದರಲ್ಲೇ. ಜುಲೈಯಲ್ಲಿ ಮಳೆ ಹೊಳವಾಗುವುದು ಅರ್ಧ ದಿನ. ಆ ಅರ್ಧ ದಿನದಲ್ಲಿ ಊರಿನ ಎಲ್ಲ ತೋಟಕ್ಕೂ ಮರ ಹತ್ತುವವರು ಬೇಕು, ಇರುವವರು ಮೂರು ನಾಲ್ಕು ಜನ.

ಹೀಗಾಗಿ ಕೊನೆಗೌಡನ ಮಾತಿಗೆ ಇಲ್ಲಿ ತೂಕ ಬೇರೆ. ಮರದಿಂದ ಮರಕ್ಕೆ ದಾಟಿ ಕೊನೆ ಇಳಿಸುವವನ ದಿನದ ಕೂಲಿ ಸಾವಿರ ದಾಟಿದೆ. ಅದರ ಮೇಲೆ ಚೌತಿಗೆ ಮುಂಗಡ, ಅವನ ಮನೆಯ ಕಾರ್ಯಕ್ಕೆ ಹಾಜರಿ, ಮಗುವಿಗೆ ಜ್ವರ ಬಂದರೆ ಪೇಟೆಗೆ ಜೀಪು. ಐವತ್ತು ವರ್ಷದ ಹಿಂದೆ ಅಂಗಳದ ಆಚೆ ನಿಲ್ಲಿಸುತ್ತಿದ್ದವರ ಮೊಮ್ಮಕ್ಕಳಿಗೆ ಈಗ ಫೋನು ಮಾಡಿ "ನಾಳೆ ಒಂಚೂರು ಬಂದುಹೋಗು ಮಾರಾಯ" ಎನ್ನುತ್ತಾರೆ. ಮನಸ್ಸು ಬದಲಾದದ್ದಕ್ಕಿಂತ ಆಳಿನ ಅಭಾವ ಕಲಿಸಿದ ಮರ್ಯಾದೆ ಇದು, ಆದರೂ ಮರ್ಯಾದೆಯೇ. ಇತ್ತೀಚಿನ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ನೆಲದಲ್ಲಿ ನಿಂತೇ ಕೊಯ್ಯಲು, ಔಷಧಿ ಹೊಡೆಯಲು ಅನುಕೂಲ ಮಾಡಿದೆ. ಆದರೆ ತಲೆ ಎತ್ತಿಯೇ ಇರಬೇಕಾದ್ದರಿಂದ ಕುತ್ತಿಗೆ ಹಿಡಿಯುತ್ತದೆ, ತೀರಾ ಎತ್ತರದ ಹಳೇ ಮರಕ್ಕೆ ನಿಲುಕುವುದಿಲ್ಲ.

ತೋಟವಿಲ್ಲದವರ ವರ್ಷ ಬೇರೆ. ಸುಲಿಯಲು ಬರುವ ಹೆಂಗಸರಿಗೆ ಕೆಜಿ ಲೆಕ್ಕದ ಕೂಲಿ ಕೊಯ್ಲಿನ ನಾಲ್ಕು ತಿಂಗಳು ಮಾತ್ರ. ಸ್ವಸಹಾಯ ಸಂಘದ ವಾರದ ಕಂತು ಮಾತ್ರ ವರ್ಷಪೂರ್ತಿ ಇರುತ್ತದೆ, ಅದು ಚಾಲಿ ದರ ನೋಡುವುದಿಲ್ಲ. ತೋಟದವರಿಗೆ ಕಾಯುವ ಅವಕಾಶ ಇರುವಲ್ಲಿ ಇವರಿಗೆ ಅದಿಲ್ಲ, ಊರಿನ ಎರಡು ಬಗೆಯ ಜನರ ನಡುವಿನ ಗೆರೆ ಅಲ್ಲೇ. ಸುಲಿಯುವ ಯಂತ್ರ ಬಂದ ಮೇಲೆ ರಾತ್ರಿಯ ಸುಲಿತದ ಚಪ್ಪರ ಕಡಿಮೆಯಾಯಿತು. ಕೂಲಿ ಹೋಯಿತೆಂಬುದು ಒಂದು. ಮೆಟ್ಟುಗತ್ತಿಯ ಮುಂದೆ ಕೂತು ಹತ್ತು ಮನೆಯ ಸುದ್ದಿ ವಿನಿಮಯವಾಗುತ್ತಿದ್ದ ಜಾಗವೂ ಹೋಯಿತು.

ಕೂಡಿಟ್ಟದ್ದು ಹೊರಬರುವುದು ಮಾರಿಕಾಂಬೆಯ ಜಾತ್ರೆಗೆ. ಎರಡು ವರ್ಷಕ್ಕೊಮ್ಮೆ, ಫಾಲ್ಗುಣದಲ್ಲಿ, ಒಂಬತ್ತು ದಿನ. 2022, 2024ರಲ್ಲಿ ಹಾಗೇ ನಡೆದದ್ದು. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ ಕುಣಿಯುತ್ತದೆ. ವರ್ಷವಿಡೀ ರೂಪಾಯಿ ತಿರುವಿ ನೋಡುವ ಜನ ಆ ಒಂಬತ್ತು ದಿನ ಬಳೆ, ತೊಟ್ಟಿಲು, ನಾಟಕದ ಟಿಕೆಟ್ಟಿಗೆ ಲೆಕ್ಕ ಇಡುವುದಿಲ್ಲ. ಅಂಗಡಿಯವರು ಜಾತ್ರೆ ವರ್ಷಕ್ಕೆ ಬೇರೆಯೇ ಲೆಕ್ಕ ಹಾಕಿ ಮಾಲು ತರಿಸುತ್ತಾರೆ.

ಊರಲ್ಲಿ ಯಾರೂ ಜೋರಾಗಿ ಆಡದ ಮಾತೊಂದಿದೆ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕ ಎಂದು ಪ್ರಕಟಿಸಿದೆ. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಿಕೆ ಸಿಕ್ಕಾಗ ಹೆಮ್ಮೆಪಟ್ಟ ಬಾಯಿ ಇದನ್ನು ಕೇಳಿದರೆ ಮಾತು ಬದಲಿಸುತ್ತದೆ. ಬದಲಿ ಬೆಳೆ ಯಾವುದು ಎಂದರೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು, ನಡುವೆ ಏಲಕ್ಕಿ, ಬಾಳೆ. ಅಡಿಕೆಯಷ್ಟು ದುಡಿಯುವುದು ಯಾವುದೂ ಇಲ್ಲ.

ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮಧ್ಯಾಹ್ನದ ಧಾರಣೆ ವಾಟ್ಸ್ಆ್ಯಪ್‌ನಲ್ಲಿ ಅವರಿಗೂ ಬರುತ್ತದೆ, ಆಫೀಸಿನ ಮೀಟಿಂಗಿನ ನಡುವೆ ತೆರೆದು ನೋಡುತ್ತಾರೆ. ಊರಲ್ಲಿ ಅಪ್ಪ ಅಮ್ಮನಿಗೆ ಕೈಲಾಗದಾದಾಗ ತೋಟ ಫಸಲು ಗುತ್ತಿಗೆಗೆ ಹೋಗುತ್ತದೆ: ಗುತ್ತಿಗೆದಾರ ಕೊಯ್ದು, ಹಸಿ ಅಡಿಕೆಯ ತೂಕಕ್ಕೆ ಇಷ್ಟು ಕೆಜಿ ಒಣ ಮಾಲು ಎಂದು ಲೆಕ್ಕ ಮಾಡಿ ದುಡ್ಡು ಕೊಡುವುದು. ಗಲಾಟೆ ಆಗುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಕ್ವಿಂಟಲಿಗೆ 12 ಕೆಜಿಯೋ 13 ಕೆಜಿಯೋ ಎಂದು ಮೊದಲೇ ಬರೆಯದಿರುವುದು. ಎರಡು, ಯಾವ ದಿನದ ದರ ಎಂದು ಗೊತ್ತು ಮಾಡದಿರುವುದು. ಒಂದೇ ದಿನಕ್ಕೆ ಕಟ್ಟುವ ಬದಲು ತಿಂಗಳ ಸರಾಸರಿ ಹಿಡಿದರೆ ಇಬ್ಬರಿಗೂ ನಷ್ಟವಿಲ್ಲ. ಮೂರನೆಯದು ದೊಡ್ಡದು. ಗುತ್ತಿಗೆದಾರನಿಗೆ ಬೇಕಾದ್ದು ಈ ವರ್ಷದ ಕೊನೆ ಮಾತ್ರ. ಕಾಲುವೆಯ ಹೂಳು, ಸೊಪ್ಪು, ಗೊಬ್ಬರ ಅವನ ಬಾಬತ್ತಲ್ಲ. ಕಾಲುವೆ ಹೂಳಿನಿಂದ ಕಟ್ಟಿಕೊಂಡು ನೀರು ನಿಂತ ತೋಟ ನಾಲ್ಕೈದು ವರ್ಷದಲ್ಲಿ ಸೊರಗುತ್ತದೆ. ಬೆಂಗಳೂರಿನಿಂದ ಕರಾರು ಮಾಡುವವರು ದರಕ್ಕಿಂತ ಮೊದಲು ಎರಡು ವಿಷಯ ಕಾಗದದಲ್ಲಿ ಬರೆಸಿಕೊಳ್ಳಬೇಕು: ಮೇ ತಿಂಗಳೊಳಗೆ ಕಾಲುವೆ ಬಿಡಿಸುವವರು ಯಾರು, ಮತ್ತು ಜುಲೈಯ ಎರಡನೇ ಔಷಧಿ ಯಾರ ಖರ್ಚಿನಲ್ಲಿ.