ಸೀದಾ ಯಾವುದು, ಉಲ್ಟಾ ಯಾವುದು

ಪಕ್ಕದ ಮನೆ ಅಕ್ಕ ಹೊಲಿದು ತಂದ ಫ್ರಾಕ್ ನೋಡಿ ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. ಹೊಲಿಗೆ ನೆಟ್ಟಗಿತ್ತು. ನೆರಿಗೆ ಒಂದೇ ಸಮ ಬಿದ್ದಿತ್ತು. ಆದರೆ ಕುತ್ತಿಗೆ ಪಟ್ಟಿ ಒಳಗೆ ಮಡಚಿ ಕೂರುವ ಬದಲು ಹೊರಗೆ ಬಂದು, ಕತ್ತರಿಸಿದ ಅಂಚು ಕಾಣುವ ಹಾಗೆ ಎದೆ ಮೇಲೆ ಕೂತಿತ್ತು.

"ನೀನು ಕಳ್ಸಿದ ಫೋಟೋ ನೋಡ್ಕೊಂತನೇ ಹೊಲ್ದೀನಿ ತಂಗಿ," ಅಂದರು ಅಕ್ಕ. "ಅದ್ರಾಗ ಸೀದಾ ಯಾವ್ದು, ಉಲ್ಟಾ ಯಾವ್ದು ಗೊತ್ತೇ ಆಗ್ವಲ್ದು."

ಫೋನ್ ತೆಗೆದು ನೋಡಿದೆ. ಅಕ್ಕ ಹೇಳಿದ್ದು ನಿಜ. ನಾನು ಫೋಟೋಗೆ ಬಳಸಿದ್ದು ತಿಳಿ ಗುಲಾಬಿ ಬಣ್ಣದ ಕೇಂಬ್ರಿಕ್, ಅಂದರೆ ಒತ್ತಾಗಿ ನೇಯ್ದ ಹತ್ತಿ ಬಟ್ಟೆ. ಎರಡೂ ಕಡೆ ಒಂದೇ ಬಣ್ಣ. ಕೈಯಲ್ಲಿ ಹಿಡಿದು ಹೊಲಿದವಳು ನಾನು, ನನಗೇನೋ ಗೊತ್ತು. ಫೋಟೋ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಕೆಳಗೆ ಬರೆದಿದ್ದೆ, ಸೀದಾ ಕಡೆಗೆ ಸೀದಾ ಕಡೆ ಕೂರಿಸಿ ಅಂತ. ಆದರೆ ಅಕ್ಕ ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದುತ್ತಾರೆ, ಮಷಿನ್ ಮುಂದೆ ಕೂತಾಗ ಅಷ್ಟು ಪುರುಸೊತ್ತು ಯಾರಿಗಿರುತ್ತದೆ? ಅವರು ಫೋಟೋನೇ ನೋಡುತ್ತಾರೆ. ನನ್ನ ಪೇಪರ್ ಕಟಿಂಗ್ (ಬಟ್ಟೆ ಕತ್ತರಿಸಲು ಇಡುವ ಕಾಗದದ ಮಾದರಿ) ತಗೊಳ್ಳುವ ಹೆಂಗಸರಲ್ಲಿ ಜಾಸ್ತಿ ಜನ ಹಾಗೇ.

ನಾನು ಹೆಣ್ಣುಮಕ್ಕಳ ಬೇಸಿಗೆ ಫ್ರಾಕುಗಳಿಗೆ ಪೇಪರ್ ಕಟಿಂಗ್ ಮಾಡುತ್ತೇನೆ. ಬ್ರೌನ್ ಪೇಪರ್ ಮೇಲೆ ಕೈಯಲ್ಲೇ ಬರೆದು, ಅಳತೆ ಹಾಕಿ, ಹೇಗೆ ಹೊಲಿಯಬೇಕು ಅಂತ ಒಂದೊಂದು ಹಂತಕ್ಕೂ ಫೋಟೋ ತೆಗೆದು, ಜೊತೆಗೆ ಕೊಡುತ್ತೇನೆ. ಶುರುವಾಗಿದ್ದು ನನ್ನ ಅಣ್ಣನ ಮಗಳಿಂದ. ಎರಡು ವರ್ಷದ ಹಿಂದೆ, ಆರು ವರ್ಷದ ಹುಡುಗಿ, ಮಾರ್ಕೆಟ್ಟಿನಲ್ಲಿ ತಂದ ನೆಟ್ ಫ್ರಾಕ್ ಹಾಕಿಕೊಂಡು ಕಂಕುಳಲ್ಲಿ, ಕುತ್ತಿಗೆ ಸುತ್ತ ಬೆವರುಸಾಲೆ ಎದ್ದು ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿದ್ದಳು. ನಮ್ಮ ಬಳ್ಳಾರಿ ಬಿಸಿಲು ಗೊತ್ತಲ್ವಾ, ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ರಾತ್ರಿಯೂ ಗೋಡೆ ಮುಟ್ಟಿದರೆ ಬೆಚ್ಚಗೇ ಇರುತ್ತದೆ. ಅಂಥ ಊರಿನಲ್ಲಿ ಮಕ್ಕಳಿಗೆ ನೈಲಾನ್ ನೆಟ್ಟು, ಅದರೊಳಗೆ ಪಾಲಿಯೆಸ್ಟರ್ ಲೈನಿಂಗು. ಮಕ್ಕಳ ಮೈ ನೋಡಿ ಬಟ್ಟೆ ಮಾಡಬೇಕು. ಬಟ್ಟೆಗೆ ತಕ್ಕ ಹಾಗೆ ಮಕ್ಕಳು ಸಹಿಸಿಕೊಳ್ಳಬೇಕಾ?

ಹಾಗಾಗಿ ನಾನು ಬರೆದ ಮೊದಲ ಕಟಿಂಗ್ ತುಂಬಾ ಸರಳ. ಮೇಲೆ ಸಣ್ಣ ಯೋಕ್, ಅಂದರೆ ಭುಜದಿಂದ ಎದೆವರೆಗಿನ ತುಂಡು, ತೋಳಿಲ್ಲ, ಕೆಳಗೆ ನೆರಿಗೆ. ಎದೆ ಸುತ್ತಳತೆ 24 ಅಂಗುಲ ಅಂದರೆ ನಾಲ್ಕನೇ ಒಂದು ಭಾಗ 6, ಅದಕ್ಕೆ 1 ಅಂಗುಲ ಲೂಸ್, ಹೊಲಿಗೆಗೆ ಅರ್ಧ ಅಂಗುಲ ಮಾರ್ಜಿನ್. ಒಟ್ಟು ಸುತ್ತಿಗೆ 4 ಅಂಗುಲ ಲೂಸ್ ಸಿಗುತ್ತದೆ, ಗಾಳಿ ಓಡಾಡುತ್ತದೆ. ಆರ್ಮ್‌ಹೋಲ್ ಮಾಮೂಲಿಗಿಂತ ಅರ್ಧ ಅಂಗುಲ ಕೆಳಗೆ ಇಳಿಸಿದ್ದೀನಿ, ಕಂಕುಳಿಗೆ ಬಟ್ಟೆ ಒತ್ತಬಾರದು ಅಂತ. ನೆರಿಗೆಗೆ ತೆಳು ಹತ್ತಿಯ ಮಲ್‌ಮಲ್ ಆದರೆ ಯೋಕಿನ ಎರಡರಷ್ಟು ಅಗಲ, 11 ಅಂಗುಲದ ಯೋಕಿಗೆ 22. ಕೇಂಬ್ರಿಕ್ ಆದರೆ ಒಂದೂವರೆ ಪಟ್ಟು ಸಾಕು, ಅದಕ್ಕಿಂತ ಜಾಸ್ತಿ ಹಾಕಿದರೆ ಯೋಕಿನ ಕೆಳಗೆ ಬಟ್ಟೆ ಗುಡ್ಡೆ ಆಗಿ ಮಗು ದಪ್ಪ ಕಾಣುತ್ತದೆ. ಕತ್ತರಿಸುವ ಮುಂಚೆ ಬಟ್ಟೆ ನೀರಿನಲ್ಲಿ ನೆನೆಸಿ ಒಣಗಿಸಲೇಬೇಕು. ಹತ್ತಿ ಮೊದಲ ಸಲ ಒಗೆದಾಗ ಕುಗ್ಗುತ್ತದೆ, ಅದು ಹೊಲಿದ ಮೇಲೆ ಕುಗ್ಗಿದರೆ ನಮ್ಮ ಲೆಕ್ಕವೆಲ್ಲ ನೀರಿಗೆ ಹೋದ ಹಾಗೆ.

ಪಕ್ಕದ ಹೊಲಿಗೆ ಮಾತ್ರ ಸ್ವಲ್ಪ ಕಷ್ಟದ್ದು. ಒಳಗಡೆ ಎಳೆ ಬಿಟ್ಟುಕೊಂಡು ಮೈಗೆ ಚುಚ್ಚಬಾರದು ಅಂತ ಅಲ್ಲಿ ಫ್ರೆಂಚ್ ಸೀಮ್ ಇಟ್ಟಿದ್ದೆ. ಇದರಲ್ಲಿ ಮೊದಲು ಉಲ್ಟಾ ಕಡೆಗೆ ಉಲ್ಟಾ ಕಡೆ ಸೇರಿಸಿ ಕಾಲು ಅಂಗುಲಕ್ಕೆ ಹೊಲಿಯಬೇಕು, ಅಂಚನ್ನು ಅರ್ಧಕ್ಕೆ ಕತ್ತರಿಸಬೇಕು, ಆಮೇಲೆ ತಿರುವಿ ಇನ್ನೊಂದು ಹೊಲಿಗೆ ಹಾಕಬೇಕು. ಆಗ ಕತ್ತರಿಸಿದ ಅಂಚು ಆ ಎರಡು ಹೊಲಿಗೆಗಳ ನಡುವೆ ಮುಚ್ಚಿಹೋಗುತ್ತದೆ. ಕುತ್ತಿಗೆ ಪಟ್ಟಿಗೆ ಇದಕ್ಕೆ ತದ್ವಿರುದ್ಧ, ಸೀದಾಕ್ಕೆ ಸೀದಾ. ಅಕ್ಕ ಪಕ್ಕದ ಹೊಲಿಗೆ ಸರಿಯಾಗೇ ಹಾಕಿದ್ದರು. ಅದೇ ಥರ ಕುತ್ತಿಗೆ ಪಟ್ಟಿಯನ್ನೂ ಕೂರಿಸಿದ್ದರು. ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡಿದರೆ ನನಗೂ ವ್ಯತ್ಯಾಸ ಕಾಣಲಿಲ್ಲ. ಹೊಲಿದ ಅಕ್ಕನದು ಯಾವ ತಪ್ಪೂ ಇರಲಿಲ್ಲ.

ಮೂರು ದಿನ ಇದೇ ತಲೆಯಲ್ಲಿತ್ತು. ಪ್ರಿಂಟ್ ಬಟ್ಟೆ ಬಳಸಿದರೆ ಸೀದಾ-ಉಲ್ಟಾ ಗೊತ್ತಾಗುತ್ತದೆ, ಆದರೆ ಹೂವಿನ ನಡುವೆ ಹೊಲಿಗೆ ಕಾಣುವುದಿಲ್ಲ. ಪ್ಲೇನ್ ಬಟ್ಟೆಯಲ್ಲಿ ಹೊಲಿಗೆ ಕಾಣುತ್ತದೆ, ಮಗ್ಗುಲು ಕಾಣುವುದಿಲ್ಲ. ಬಾಣ ಹಾಕಿ ಬರೆದರೆ ಮತ್ತೆ ಓದಬೇಕು.

ಉತ್ತರ ಅಕ್ಕನ ಮನೆ ಕಟ್ಟೆ ಮೇಲೇ ಇತ್ತು. ಅಕ್ಕ ಜೀನ್ಸ್ ಯೂನಿಟ್ಟಿನಿಂದ ಪ್ಯಾಂಟುಗಳ ಗಂಟು ತಂದು ಮನೆಯಲ್ಲೇ ದಾರ ಕತ್ತರಿಸುತ್ತಾರೆ. ಹೊಲಿಗೆ ಮುಗಿದ ಮೇಲೆ ತುದಿಗಳಲ್ಲಿ ಉಳಿದ ದಾರ ಕತ್ತರಿಸುವ ಕೆಲಸ, ಕೌಲ್ ಬಜಾರ್ ಕಡೆ ಹೋದರೆ ಎಷ್ಟೋ ಮನೆಗಳ ಮುಂದೆ ಇದು ನಡೆಯುತ್ತಿರುತ್ತದೆ. ಅವತ್ತು ಸಂಜೆ ನೀರು ತುಂಬಿಸಲು ಹೊರಗೆ ಬಂದೆ. ಕಟ್ಟೆ ಮೇಲೆ ಪ್ಯಾಂಟುಗಳ ರಾಶಿ. ಅರ್ಧ ನೀಲಿ, ಅರ್ಧ ಬಿಳಿ. ಹತ್ತು ಮಾರು ದೂರದಿಂದಲೇ ಗೊತ್ತಾಗುತ್ತಿತ್ತು, ಯಾವುದು ಉಲ್ಟಾ ತಿರುವಿದ್ದು, ಯಾವುದು ಸೀದಾ ಇರುವುದು ಅಂತ. ಬಿಂದಿಗೆ ಅಲ್ಲೇ ಇಟ್ಟು ಹೋಗಿ ಒಂದು ಪ್ಯಾಂಟ್ ಕೈಗೆ ತಗೊಂಡೆ.

ಡೆನಿಮ್ ಅಂದರೆ ಇದೇ ಅಲ್ವಾ. ಹಾಸಿನ ನೂಲಿಗೆ ನೀಲಿ ಬಣ್ಣ, ಹೊಕ್ಕಿನ ನೂಲು ಬಿಳಿ. ನೇಯ್ಗೆ ಓರೆಯಾಗಿರುವುದರಿಂದ ಒಂದು ಕಡೆ ಹಾಸು ಜಾಸ್ತಿ ಕಾಣುತ್ತದೆ, ಇನ್ನೊಂದು ಕಡೆ ಹೊಕ್ಕು. ಇಡೀ ಊರು ಈ ಬಟ್ಟೆ ಮೇಲೆ ಬದುಕುತ್ತಿದೆ, ನಮ್ಮ ಮಾವ ಮೂವತ್ತು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವರು, ಆದರೂ ನನಗೆ ಇದು ಹೊಳೆದಿರಲಿಲ್ಲ. ಬೇಸಿಗೆ ಫ್ರಾಕು ಅಂದ ತಕ್ಷಣ ನನ್ನ ಕಣ್ಣು ಮಲ್‌ಮಲ್, ಕೇಂಬ್ರಿಕ್ ಕಡೆಗೇ ಹೋಗುತ್ತಿತ್ತು.

ಫೋಟೋಗೆ ಹೊಲಿದು ತೋರಿಸಲು ಡೆನಿಮ್ ಬೇಕು ಅಂತ ಮಾವನಿಗೆ ಫೋನ್ ಮಾಡಿದೆ. ಪ್ಯಾಂಟಿನ ಬಟ್ಟೆ ನೆರಿಗೆ ಹಿಡಿಯುವುದಿಲ್ಲ, ಅದು ದಪ್ಪ ಅಂದರು. "ಶರ್ಟ್ ಡೆನಿಮ್ ಹುಡುಕವ್ವಾ. ನಾಲ್ಕು ಔನ್ಸಿಂದು ಸಿಕ್ರ ಕರ್ಚೀಫ್ ಇದ್ದಂಗ ಇರ್ತೈತೆ." ಔನ್ಸ್ ಅಂದರೆ ಬಟ್ಟೆಯ ತೂಕದ ಲೆಕ್ಕ, ಕಡಿಮೆ ಇದ್ದಷ್ಟು ಬಟ್ಟೆ ತೆಳು. ಎರಡು ದಿನ ಬಿಟ್ಟು ಅವರೇ ಒಂದು ಚೀಲ ಚೂರು ಬಟ್ಟೆ ತಂದುಕೊಟ್ಟರು, ಜೊತೆಗೆ ತಮ್ಮ ಹಳೆಯ ಕಟಿಂಗ್ ಟೇಬಲ್ಲಿನ ಎರಡು ಕಬ್ಬಿಣದ ತುಂಡು. ಗಾಳಿಗೆ ಪೇಪರ್ ಹಾರದ ಹಾಗೆ ಇಡಲು. ಅವು ಮುಟ್ಟಿ ಮುಟ್ಟಿ ನುಣ್ಣಗಾಗಿದ್ದವು, ಅಂಚು ಅನ್ನುವುದೇ ಇರಲಿಲ್ಲ.

ಏಪ್ರಿಲ್ ಕೊನೆಯ ಭಾನುವಾರ ಎಲ್ಲ ಫೋಟೋ ಮತ್ತೆ ತೆಗೆಯಬೇಕು ಅಂತ ಕೂತೆ. ಮೊದಲಿನ ಫೋಟೋಗಳಲ್ಲಿ ಇನ್ನೊಂದು ತಪ್ಪೂ ಇತ್ತು. ಮನೆಗೆಲಸ ಮುಗಿಸಿ ಮಧ್ಯಾಹ್ನ 12 ಗಂಟೆಗೆ ತೆಗೆದಿದ್ದೆ. ಬೆಳಕು ಜಾಸ್ತಿ ಇದ್ದರೆ ಒಳ್ಳೆಯದು ಅಂದುಕೊಂಡಿದ್ದೆ. ಆದರೆ ಏಪ್ರಿಲ್ ಕೊನೆಗೆ ನಮ್ಮೂರಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಅಡಗಿರುತ್ತದೆ. ನೆಲದ ಮೇಲೆ ಹಾಸಿದ ಬಟ್ಟೆಗೆ ಮೇಲಿಂದ ನೇರ ಬೆಳಕು ಬಿದ್ದರೆ ನೆರಿಗೆ ಸತ್ತುಹೋಗುತ್ತದೆ. ನೆರಿಗೆ ಕಾಣಬೇಕಾದರೆ ಪಕ್ಕದಿಂದ ಬೆಳಕು ಬರಬೇಕು. ಒಂದೊಂದು ಮಡಿಕೆಗೂ ಒಂದು ಕಡೆ ಬೆಳಕು, ಒಂದು ಕಡೆ ಸಣ್ಣ ನೆರಳು. ಅದಕ್ಕೆ ಈ ಸಲ ಬೆಳಿಗ್ಗೆ ಐದೂವರೆಗೇ ಮಾಳಿಗೆ ಹತ್ತಿದೆ. ಕೋಟೆ ಗುಡ್ಡದ ಬಂಡೆ ಇನ್ನೂ ಬೂದಿ ಬಣ್ಣದಲ್ಲಿತ್ತು. ಚಾಪೆ ಹಾಸಿ, ಅದರ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ, ಪಡುವಣ ಕಡೆಗೆ ಥರ್ಮಾಕೋಲ್ ಹಾಳೆ ನಿಲ್ಲಿಸಿದೆ, ನೆರಳು ತೀರಾ ಕಪ್ಪಾಗದಿರಲಿ ಅಂತ.

ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ಪಟ್ಟಿ ಮಡಚುವುದು ಆಗದ ಕೆಲಸ. ಅದಕ್ಕೆ ಅಕ್ಕನನ್ನೇ ಕರೆದಿದ್ದೆ. ಅಕ್ಕ ಬಂದು ಕೂತರು, ಬಟ್ಟೆ ಮುಟ್ಟಿದರು, ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡರು.

"ನನ್ ಕೈ ಬ್ಯಾಡ. ಬಣ್ಣ ಹತ್ತೈತೆ ನೋಡು. ನಿಂಬೆಹಣ್ಣು ತಿಕ್ಕಿದ್ರೂ ಹೋಗ್ವಲ್ದು."

ದಿನಾ ಹೊಸ ಜೀನ್ಸ್ ಹಿಡಿದು ಹಿಡಿದು ಹೆಬ್ಬೆರಳು, ತೋರುಬೆರಳಿನ ತುದಿ ನೀಲಿಯಾಗಿತ್ತು. ಉಗುರಿನ ಸಂದಿಯಲ್ಲಿ ಇನ್ನೂ ಗಾಢ. ಬಲಗೈ ನಡುಬೆರಳಿನಲ್ಲಿ ಕತ್ತರಿ ಒತ್ತಿ ಗಟ್ಟಿಯಾದ ಒಂದು ಗಂಟು. ಅದೇ ಕೈ ಬೇಕು ಅಕ್ಕ, ಅಂದೆ. ಸುಮ್ನೆ ಮಾತಿಗೆ ಹೇಳಿದ್ದಲ್ಲ. ಕೆಲಸ ಗೊತ್ತಿರುವ ಕೈ ಬಟ್ಟೆಯನ್ನು ಹಿಡಿಯುವ ರೀತಿಯೇ ಬೇರೆ. ನಾನು ಪಟ್ಟಿಯನ್ನು ಹಿಡಿದರೆ ಚಿವುಟಿದ ಹಾಗೆ ಹಿಡಿಯುತ್ತೇನೆ. ಅಕ್ಕ ಹೆಬ್ಬೆರಳು ಮೇಲಿಟ್ಟು, ಮೂರು ಬೆರಳು ಕೆಳಗೆ ಕೊಟ್ಟು, ಬಟ್ಟೆ ತಾನಾಗೇ ಬಾಗುವ ಹಾಗೆ ಬಿಡುತ್ತಾರೆ. ಹೊಸದಾಗಿ ಹೊಲಿಯುವವರು ಕಲಿಯಬೇಕಾದದ್ದು ಅದನ್ನೇ, ಬರೆದು ಹೇಳಲು ಆಗದ್ದು.

ಆರು ಗಂಟೆಗೆ ಬಿಸಿಲು ಬಂತು. ಕೆಂಪು ದಾರದಲ್ಲಿ ಹೊಲಿದಿದ್ದೆ, ನೀಲಿ ಮೇಲೂ ಬಿಳಿ ಮೇಲೂ ಎದ್ದು ಕಾಣಲಿ ಅಂತ. ಅಕ್ಕ ಯೋಕನ್ನು ನೀಲಿ ಮೇಲೆ ಮಾಡಿ ಹಾಸಿದರು. ಕುತ್ತಿಗೆ ಪಟ್ಟಿಯನ್ನು ಅದರ ಮೇಲೆ ನೀಲಿ ಕೆಳಗೆ ಮಾಡಿ ಕೂರಿಸಿದರು. ಈಗ ಮೇಲಿಂದ ನೋಡಿದರೆ ನೀಲಿ ಯೋಕಿನ ಮೇಲೆ ಬಿಳಿ ಪಟ್ಟಿ. ಒಂದು ಅಕ್ಷರ ಬೇಡ. ಫ್ರೆಂಚ್ ಸೀಮಿನ ಫೋಟೋದಲ್ಲಿ ಮೇಲೆ ನೀಲಿ, ಮಡಚಿದ ಮೂಲೆಯಲ್ಲಿ ಒಳಗಿಂದ ಬಿಳಿ ಇಣುಕುತ್ತಿತ್ತು. ಎರಡೂ ಪಕ್ಕಪಕ್ಕ ಇಟ್ಟೆ. ಈಗ ಯಾರೂ ಒಂದನ್ನು ಇನ್ನೊಂದು ಅಂದುಕೊಳ್ಳಲು ಸಾಧ್ಯವೇ ಇರಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಅಷ್ಟು ಸಮಾಧಾನ.

ನೆರಿಗೆಗೆ ಉದ್ದದ ಟಾಕಿನ ಎರಡು ಸಾಲು ಹಾಕಿ ಬಾಬಿನ್ ದಾರ, ಅಂದರೆ ಮಷಿನ್ನಿನ ಕೆಳಗಿನ ದಾರ, ಎಳೆಯುವುದನ್ನು ಆರು ಫೋಟೋದಲ್ಲಿ ತೆಗೆದೆವು. ಮೊದಲು ಎರಡು ಇದ್ದವು. ಅಕ್ಕ ನಿಧಾನಕ್ಕೆ ಎಳೆಯುತ್ತಾ, ನಿಲ್ಲಿಸುತ್ತಾ, ನಾನು ಫೋನ್ ಬಟ್ಟೆಗೆ ಸಮನಾಗಿ ಹಿಡಿದು. ಫೋನ್ ಸ್ವಲ್ಪ ಓರೆಯಾದರೂ ಚೌಕದ ಯೋಕ್ ಒಂದು ಕಡೆ ಕಿರಿದಾಗಿ ಕಾಣುತ್ತದೆ, ನೋಡಿದವರು ಹಾಗೇ ಕತ್ತರಿಸುತ್ತಾರೆ. ತೀರಾ ಹತ್ತಿರ ಹೋದರೂ ಅಂಚುಗಳು ಎಳೆದ ಹಾಗೆ ಆಗುತ್ತವೆ. ಸ್ಟೂಲ್ ಮೇಲೆ ನಿಂತು, ದೂರದಿಂದ, ಸ್ವಲ್ಪ ಜೂಮ್ ಮಾಡಿ ತೆಗೆದರೆ ಸರಿಬರುತ್ತದೆ. ಎಂಟು ಗಂಟೆಗೆ ಮಾಳಿಗೆ ಕಾಲಿಗೆ ಸುಡತೊಡಗಿತು. ಕೆಳಗಿಳಿದು ಉಗ್ಗಾಣಿ, ಮಿರ್ಚಿ ತಿಂದೆವು.

ಕೊನೆಯ ಫೋಟೋ ಹೊಲಿದು ಮುಗಿದ ಫ್ರಾಕಿಂದು, ಅದು ಬಿಳಿ ಮಲ್‌ಮಲ್. ಅದನ್ನು ಹಾಕಿಕೊಂಡು ಅಣ್ಣನ ಮಗಳು ಒಂದು ಕಡೆ ನಿಲ್ಲಲೇ ಇಲ್ಲ. ಸುಣ್ಣ ಬಳಿದ ಗೋಡೆಯ ನೆರಳಿನಲ್ಲಿ ಓಡುತ್ತಿದ್ದಾಗಲೇ ತೆಗೆದೆ. ಬೇವಿನ ಮರದ ಕೆಳಗೆ ಬಿಳಿ ಬಟ್ಟೆಗೆ ಹಸಿರು ಛಾಯೆ ಬರುತ್ತದೆ, ಗೋಡೆ ಪಕ್ಕ ಬಿಳಿ ಬಿಳಿಯಾಗೇ ಇರುತ್ತದೆ. ಬಿಳಿ ಜಾಸ್ತಿ ಇದ್ದರೆ ಫೋನ್ ಫೋಟೋವನ್ನು ಮಂಕು ಮಾಡುತ್ತದೆ, ಬೆಳಕನ್ನು ಕೈಯಾರೆ ಸ್ವಲ್ಪ ಏರಿಸಬೇಕು.

ಸೋಮವಾರ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಎ4 ಹಾಳೆಗಳನ್ನು ಅಂಟಿಸಿದರೆ ಇಡೀ ಕಟಿಂಗ್ ಆಗುವ ಹಾಗೆ ಮಾಡಿದ್ದೀನಿ, ಪ್ರಿಂಟಿನ ಅಳತೆ ಸರಿ ಬಂದಿದೆಯಾ ನೋಡಲು ಮೊದಲ ಹಾಳೆಯಲ್ಲಿ 2 ಅಂಗುಲದ ಒಂದು ಚೌಕ ಇರುತ್ತದೆ. ಟೇಪ್ ಇಟ್ಟು ಅಳೆದೆ, 1.9 ಬಂತು. ಅಂಗಡಿ ಹುಡುಗ ಹಾಳೆಗೆ ಹೊಂದುವ ಹಾಗೆ ಕುಗ್ಗಿಸಿಬಿಟ್ಟಿದ್ದ. ನೋಡಲು ಏನೂ ಅನ್ನಿಸುವುದಿಲ್ಲ, ಆದರೆ 28 ಅಂಗುಲ ಸುತ್ತಿನ ಫ್ರಾಕ್ 26.6 ಆಗಿಬಿಡುತ್ತದೆ. ಮಗುವಿಗೆ ಇಟ್ಟ ಗಾಳಿಯ ಜಾಗದಲ್ಲಿ ಮೂರನೇ ಒಂದು ಭಾಗ ಹೋದ ಹಾಗೆ. 100 ಪರ್ಸೆಂಟ್ ಇಟ್ಟು ಮತ್ತೆ ಮಾಡಿಸಿದೆ. ಆ ಚೌಕದ ಪಕ್ಕ ಈಗ ಟೇಪ್ ಇಟ್ಟು ಅಳೆಯುತ್ತಿರುವ ಕೈಯ ಫೋಟೋ ಹಾಕಿದ್ದೀನಿ. ಅದೂ ಅಕ್ಕನ ಕೈ.

ಸಂಜೆ ಹಾಳೆಗಳನ್ನು ಅಕ್ಕನಿಗೆ ಕೊಟ್ಟೆ. ಕಟ್ಟೆ ಮೇಲೆ ಕೂತು, ಪ್ಯಾಂಟುಗಳ ರಾಶಿ ಪಕ್ಕಕ್ಕೆ ಸರಿಸಿ, ಒಂದೊಂದೇ ನೋಡಿದರು. ತಮ್ಮ ಬೆರಳು ಕಂಡಾಗ ಸ್ವಲ್ಪ ನಕ್ಕರು, ಆದರೆ ಅಲ್ಲಿ ನಿಲ್ಲಲಿಲ್ಲ. ಕುತ್ತಿಗೆ ಪಟ್ಟಿಯ ಫೋಟೋ ಬಂದಾಗ ತಲೆ ಆಡಿಸಿದರು. ಅದರ ಮುಂದಿನದಕ್ಕೆ ಬಂದು ನಿಂತರು. ಕುತ್ತಿಗೆಯ ಗುಂಡು ಹೊಲಿಗೆ ಆದ ಮೇಲೆ, ಪಟ್ಟಿ ಸಲೀಸಾಗಿ ತಿರುಗಲಿ ಅಂತ ಅಂಚಿಗೆ ಸಣ್ಣ ಸಣ್ಣ ಕಚ್ಚು ಹಾಕುವ ಫೋಟೋ ಅದು.

"ತಂಗಿ, ಇದ್ರಾಗ ಕತ್ರಿ ಎಲ್ಲಿತಂಕ ಹೋಗ್ಬೇಕು ಕಾಣ್ವಲ್ದು. ನನ್ ಕೈ ಅಡ್ಡ ಬಂದೈತೆ. ಒಂದ್ ಎಳಿ ಮುಂದ ಹೋದ್ರ ಹೊಲಿಗಿನೇ ಕಟ್ ಆಕ್ಕೈತೆ, ಗೊತ್ತೈತಿಲ್ಲ?"

ನೋಡಿದೆ. ಹೆಬ್ಬೆರಳಿನ ನೆರಳು ಸರಿಯಾಗಿ ಕತ್ತರಿಯ ತುದಿ ಮೇಲೇ ಬಿದ್ದಿತ್ತು.

"ನಾಳಿಗೆ ಬೆಳಿಗ್ಗೆ ಆರಕ್ಕ ಬರ್ತೀನಿ," ಅಂದರು ಅಕ್ಕ. "ಈ ಸಲ ಎಡಗೈಲಿ ಹಿಡೀತೀನಿ."

ನಾನು ಒಳಗೆ ಹೋಗಿ ಚೀಲದಲ್ಲಿ ಇನ್ನೊಂದು ಡೆನಿಮ್ ತುಂಡು ಹುಡುಕತೊಡಗಿದೆ.