ಡೈನಮೋ ಬಿಚ್ಚುವ ಮೊದಲು ಕಂಡೆನ್ಸರ್ ವೈರ್ ಬಿಚ್ಚಿ ನೋಡಿ

ಬೆಂಗಳೂರಿನಲ್ಲಿ ಹಳೇ ಕಾರುಗಳ ವೈರಿಂಗ್ ಕೆಲಸ ಮಾಡುತ್ತೇನೆ. ಡೈನಮೋ ಅಂದರೆ ಎಂಜಿನ್ ಬೆಲ್ಟ್‌ನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ನನ್ನ ಕೈಗೆ ಬರುವವುಗಳಲ್ಲಿ ಲ್ಯೂಕಾಸ್ ಕಂಪನಿಯ ಸಿ39, ಸಿ40 ಮಾದರಿಗಳೇ ಜಾಸ್ತಿ. ಚಾರ್ಜ್ ಆಗುತ್ತಿಲ್ಲ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ರಿವೈಂಡಿಂಗ್‌ಗೆ ಕೊಡಿ, ಅಂದರೆ ಒಳಗಿನ ತಂತಿ ಹೊಸದಾಗಿ ಸುತ್ತಿಸಿ. ಆದರೆ ಎಷ್ಟೋ ಸಲ ತೊಂದರೆ ಡೈನಮೋದ ಒಳಗೆ ಇರುವುದೇ ಇಲ್ಲ, ಅದಕ್ಕೆ ತಗುಲಿಸಿದ ಯಾವುದೋ ಸಣ್ಣ ವಸ್ತುವಿನಲ್ಲಿ ಇರುತ್ತದೆ.

ಈಚೆಗೆ ಒಂದು ಮೋರಿಸ್ ಮೈನರ್ 1000 ಬಂತು. ಡೈನಮೋ ಬೇರೆ ಕಡೆ ರಿವೈಂಡ್ ಆಗಿ ಬಂದಿತ್ತು. ಆದರೂ ಚಾರ್ಜ್ ಆಗುತ್ತಿಲ್ಲ ಅಂತ ತೋರಿಸುವ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಮಾಲೀಕರು ಬೇಸತ್ತು, "ಆಲ್ಟರ್ನೇಟರ್ ಹಾಕಿಬಿಡಿ, ಸಾಕಾಯ್ತು" ಅಂದರು. ಡೈನಮೋ ಜಾಗದಲ್ಲಿ ಈಗಿನ ಕಾರುಗಳಿಗೆ ಬರುವ ಚಾರ್ಜಿಂಗ್ ಯಂತ್ರ ಅದು.

ಈ ಗಾಡಿಯ ಡೈನಮೋ ನೋಡಿದರೆ ಹೊಸಬರಿಗೆ ಗೊಂದಲ ಆಗುವುದು ಸಹಜ. ಮೇಲೆ ಇಗ್ನಿಷನ್ ಕಾಯಿಲ್ ಕೂತಿರುತ್ತದೆ. ಅದಕ್ಕೂ ಚಾರ್ಜಿಂಗ್‌ಗೂ ಸಂಬಂಧವಿಲ್ಲ, ಜಾಗ ಸಿಕ್ಕಿತು ಅಂತ ಅಲ್ಲಿ ಕೂರಿಸಿದ್ದಾರೆ, ಅಷ್ಟೇ. ಹಿಂಭಾಗದಲ್ಲಿ ಎರಡು ಟರ್ಮಿನಲ್. ದೊಡ್ಡದು ಡಿ, ಕರೆಂಟ್ ಹೊರಗೆ ಬರುವ ದಾರಿ. ಚಿಕ್ಕದು ಎಫ್, ಒಳಗೆ ಅಯಸ್ಕಾಂತ ಶಕ್ತಿ ಹುಟ್ಟಿಸುವ ಫೀಲ್ಡ್ ಕಾಯಿಲ್‌ಗೆ ಹೋಗುವುದು. ಕೆಲವು ಗಾಡಿಗಳಲ್ಲಿ ಡೈನಮೋದ ಲೋಹದ ಬಾಡಿ ಮೇಲೆ ಸ್ಕ್ರೂ ಹಾಕಿದ, ಒಂದೇ ವೈರ್ ಇರುವ ಚಿಕ್ಕ ಡಬ್ಬಿಯೂ ಇರುತ್ತದೆ. ಈ ಮೈನರ್‌ನಲ್ಲೂ ಇತ್ತು.

ಅದು ರೇಡಿಯೋ ಸಪ್ರೆಸರ್ ಕಂಡೆನ್ಸರ್. ಕಾರ್ಬನ್ ಬ್ರಷ್ ಮತ್ತು ಅದು ಉಜ್ಜುವ, ತಿರುಗುವ ತಾಮ್ರದ ಕಮ್ಯುಟೇಟರ್ ನಡುವಿನ ಕಿಡಿಯಿಂದ ರೇಡಿಯೋದಲ್ಲಿ ಬರುವ ಗೊರಗೊರ ಸದ್ದನ್ನು ತಡೆಯುವುದಷ್ಟೇ ಅದರ ಕೆಲಸ. ರೇಡಿಯೋ ಇಲ್ಲದಿದ್ದರೆ ಅದು ಬೇಕಾಗಿಲ್ಲ. ಡಿಸ್ಟ್ರಿಬ್ಯೂಟರ್ ಒಳಗಿನ ಕಂಡೆನ್ಸರ್ ಬೇರೆ, ಇದು ಬೇರೆ. ಹಳೆಯದಾಗಿ ಒಳಗೆ ಶಾರ್ಟ್ ಆಯಿತೋ, ಡಿ ಟರ್ಮಿನಲ್ ನೇರವಾಗಿ ಬಾಡಿ ಜೊತೆ ಸೇರಿದ ಹಾಗೆ. ಆಮೇಲೆ ಎಂಥ ಒಳ್ಳೆಯ ಡೈನಮೋ ಆದರೂ ವೋಲ್ಟ್ ಏಳುವುದಿಲ್ಲ.

ನಾನು ಮಾಡಿದ್ದು ಲ್ಯೂಕಾಸ್‌ನ ಹಳೇ ಪರೀಕ್ಷೆ. ಡಿ, ಎಫ್ ವೈರ್‌ಗಳನ್ನು ಕಳಚಿ, ಡೈನಮೋದ ಎರಡೂ ಟರ್ಮಿನಲ್‌ಗಳನ್ನು ಒಂದು ಬರಿ ತಂತಿಯಿಂದ ಸೇರಿಸಿದೆ. ಆ ತಂತಿಗೂ ಬಾಡಿಗೂ ನಡುವೆ ವೋಲ್ಟ್‌ಮೀಟರ್. ಎಂಜಿನ್ ಸ್ಟಾರ್ಟ್ ಮಾಡಿ ಮೆಲ್ಲಗೆ 1000 ಆರ್‌ಪಿಎಂ ತನಕ ಏರಿಸಬೇಕು. ಮುಳ್ಳು ನಡುಗದೆ ಸರಸರ ಮೇಲೇಳಬೇಕು, ಆದರೆ 20 ವೋಲ್ಟ್ ಮುಟ್ಟಲು ಬಿಡಬಾರದು. ಒಂದು ವೋಲ್ಟ್‌ನ ಒಳಗೇ ನಿಂತರೆ ಫೀಲ್ಡ್ ಮೇಲೆ ಅನುಮಾನ, ನಾಲ್ಕೈದರಲ್ಲಿ ನಿಂತರೆ ಒಳಗೆ ತಿರುಗುವ ಸುರುಳಿ, ಅಂದರೆ ಆರ್ಮೇಚರ್ ಮೇಲೆ. ಈ ಗಾಡಿಯಲ್ಲಿ ಮುಳ್ಳು ಅಲುಗಲೇ ಇಲ್ಲ. ಕಂಡೆನ್ಸರ್ ವೈರ್ ಕಳಚಿ ಮತ್ತೆ ಸ್ಟಾರ್ಟ್ ಮಾಡಿದೆ. ಮುಳ್ಳು ಎದ್ದು ಓಡಿತು. ರಿವೈಂಡಿಂಗ್‌ನ ದುಡ್ಡು ಸುಮ್ನೆ ಹೋಗಿತ್ತು.

ಹೊಸ ಕಂಡೆನ್ಸರ್ ಹಾಕುವುದಾದರೆ ಅದರ ವೈರ್ ಡಿ ಟರ್ಮಿನಲ್‌ಗೇ ಹೋಗಬೇಕು, ಎಫ್‌ಗೆ ಯಾವತ್ತೂ ಬೇಡ. ಎಫ್‌ಗೆ ಹೋಗುವ ಕರೆಂಟನ್ನು, ವೋಲ್ಟ್ ಮಿತಿಯಲ್ಲಿಡುವ ರೆಗ್ಯುಲೇಟರಿನ ಪಾಯಿಂಟ್‌ಗಳು (ಒಂದಕ್ಕೊಂದು ತಾಗುವ ಲೋಹದ ತುದಿಗಳು) ಬಿಡದೆ ತೆರೆದು ಮುಚ್ಚಿ ಹಿಡಿತದಲ್ಲಿಡುತ್ತವೆ. ಅಲ್ಲಿ ಕಂಡೆನ್ಸರ್ ಕೂತರೆ ಆ ಪಾಯಿಂಟ್‌ಗಳು ಸುಡುತ್ತವೆ.

ರೆಗ್ಯುಲೇಟರ್ ಇರುವ ಆರ್‌ಬಿ106 ಡಬ್ಬಿಯಲ್ಲಿ ಎರಡು ಬಾಬಿನ್, ಅಂದರೆ ತಂತಿ ಸುತ್ತಿದ ಸುರುಳಿಗಳು. ಒಂದು ರೆಗ್ಯುಲೇಟರ್, ಇನ್ನೊಂದು ಕಟೌಟ್. ವೋಲ್ಟ್ ಸುಮಾರು 13ಕ್ಕೆ ಬಂದಾಗ ಕಟೌಟ್ ಕೂಡಿಕೊಂಡು ಬ್ಯಾಟರಿಗೆ ಚಾರ್ಜ್ ಬಿಡುತ್ತದೆ. ಎಂಜಿನ್ ನಿಧಾನವಾದಾಗ ಬಿಟ್ಟುಕೊಳ್ಳುತ್ತದೆ. ಕಟೌಟಿನ ಪಾಯಿಂಟ್ ಅಂಟಿಕೊಂಡರೆ ಅಪಾಯ. ಎಂಜಿನ್ ನಿಂತಿರುವಾಗ ಬ್ಯಾಟರಿಯೇ ಡೈನಮೋವನ್ನು ಮೋಟಾರಿನಂತೆ ತಿರುಗಿಸಲು ನೋಡುತ್ತದೆ. ಬೆಲ್ಟ್ ಹಿಡಿದಿರುವುದರಿಂದ ಅದು ತಿರುಗಲಾರದು, ವೈರ್ ಕಾದು ಹೊಗೆ ಬರುತ್ತದೆ. ಅದಕ್ಕೇ ಮುಚ್ಚಳ ತೆಗೆದಾಗ ಕಟೌಟನ್ನು ಬೆರಳಿನಿಂದ ಒತ್ತಿ ನೋಡಬೇಡಿ ಅಂತ ಹುಡುಗರಿಗೆ ಗಟ್ಟಿಯಾಗಿಯೇ ಹೇಳುತ್ತೇನೆ.

ಡೈನಮೋ ಬಿಚ್ಚಲೇಬೇಕಾದರೆ ಕಮ್ಯುಟೇಟರ್‌ಗೆ ಎಮರಿ ಪೇಪರ್ ಹಾಕಬೇಡಿ, ಅದರ ಪುಡಿ ತಾಮ್ರದಲ್ಲಿ ಕಚ್ಚಿಕೊಳ್ಳುತ್ತದೆ. ನಯವಾದ ಗ್ಲಾಸ್ ಪೇಪರ್ ಸಾಕು. ಹಿಂದಿನ ಬುಷ್‌ಗೆ ಎಣ್ಣೆ ಬಿಡುವಾಗ ಎರಡು ಮೂರು ಹನಿ ಮಾತ್ರ. ಜಾಸ್ತಿಯಾದದ್ದು ಕಾರ್ಬನ್ ಮೇಲೆ ಹೋಗಿ ಕೂರುತ್ತದೆ.

ರಿವೈಂಡ್ ಆದ ಡೈನಮೋಗೆ ಫೀಲ್ಡ್ ಫ್ಲ್ಯಾಶ್ ಮಾಡುವುದನ್ನೂ (ಬ್ಯಾಟರಿ ಕರೆಂಟ್ ಮುಟ್ಟಿಸಿ ಅಯಸ್ಕಾಂತ ಶಕ್ತಿಯ ದಿಕ್ಕು ಸರಿಮಾಡುವುದು) ಎಷ್ಟೋ ಜನ ಬಿಟ್ಟೇಬಿಡುತ್ತಾರೆ. ಕಬ್ಬಿಣದಲ್ಲಿ ಉಳಿದ ಅಲ್ಪ ಅಯಸ್ಕಾಂತ ಶಕ್ತಿಯಿಂದಲೇ ಡೈನಮೋ ಕರೆಂಟ್ ಶುರು ಮಾಡುವುದು. ಅದು ಉಲ್ಟಾ ಆಗಿದ್ದರೆ ಹೊರಬರುವ ಕರೆಂಟೂ ಉಲ್ಟಾ. ಮೈನರ್ 1000ದಲ್ಲಿ ಕಾರಿನ ಬಾಡಿ ಜೊತೆ ಸೇರಿರುವುದು ಬ್ಯಾಟರಿಯ ಪ್ಲಸ್. ಹಾಗಾಗಿ ಎಫ್ ವೈರ್ ಕಳಚಿ, ಬ್ಯಾಟರಿಯ ಮೈನಸ್‌ನಿಂದ ಒಂದು ತಂತಿ ತಂದು, ಡೈನಮೋದ ಎಫ್ ಟರ್ಮಿನಲ್‌ಗೆ ಒಂದೆರಡು ಕ್ಷಣ ಮುಟ್ಟಿಸಬೇಕು. ಯಾರೋ ಗಾಡಿಯನ್ನು ಮೈನಸ್ ಅರ್ತ್‌ಗೆ (ಮೈನಸ್ ಬಾಡಿ ಜೊತೆ ಸೇರುವ ಹಾಗೆ) ಬದಲಿಸಿದ್ದರೆ ಪ್ಲಸ್‌ನಿಂದ. ಮೊದಲು ಬ್ಯಾಟರಿ ನೋಡಿಯೇ ತಂತಿ ಹಿಡಿಯಿರಿ.

ಆಲ್ಟರ್ನೇಟರ್ ವಿಷಯಕ್ಕೆ ನನ್ನ ಉತ್ತರ ನೇರವಾಗಿತ್ತು. ಸಿ40 ಕೊಡುವುದು 22 ಆಂಪ್ಸ್. ಮೈನರ್‌ನ ಹೆಡ್‌ಲೈಟ್, ವೈಪರ್, ಇಗ್ನಿಷನ್ ಎಲ್ಲ ಸೇರಿದರೂ ಅಷ್ಟು ಸಾಕು. ಸಿಗ್ನಲ್‌ನಲ್ಲಿ ನಿಂತಾಗ ಕೆಂಪು ದೀಪ ಮಂದವಾಗಿ ಮಿನುಗಿದರೆ ಹೆದರಬೇಡಿ, ಆ ವೇಗದಲ್ಲಿ ಡೈನಮೋ ಚಾರ್ಜ್ ಮಾಡುವುದಿಲ್ಲ. ಎಸಿ, ದೊಡ್ಡ ಮ್ಯೂಸಿಕ್ ಸಿಸ್ಟಮ್ ಹಾಕುವವರು ಬೇಕಾದರೆ ಬದಲಿಸಲಿ. ಮಾಲೀಕರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಇದೇ ಇರಲಿ" ಅಂದರು. ಕಂಡೆನ್ಸರ್ ಹಾಕಲಿಲ್ಲ. ಆ ಗಾಡಿಯಲ್ಲಿ ರೇಡಿಯೋನೇ ಇರಲಿಲ್ಲ.