ಇಷ್ಟೊಂದು ಗ್ರಾಮಫೋನ್ ಪ್ಲೇಟುಗಳನ್ನು ಮನೆಯಲ್ಲಿ ಎಲ್ಲಿಡೋದು?

ನಮ್ಮ ಮನೆಗೆ ಮೊದಲ ಸಲ ಬಂದವರು ಕಪಾಟಿನ ಮುಂದೆ ನಿಂತು ಇದನ್ನು ಕೇಳದೆ ಹೋಗುವುದಿಲ್ಲ. "ಶಿವಮೊಗ್ಗದ ಈ ಮಳೆಯಲ್ಲಿ ಇವು ಹಾಳಾಗಲ್ವಾ? ನಮ್ಮಲ್ಲೂ ಅಪ್ಪನ ಕಾಲದ ಒಂದಷ್ಟು ಪ್ಲೇಟುಗಳಿವೆ, ಅಟ್ಟದ ಮೇಲಿವೆ. ಎಲ್ಲಿಡಬೇಕು, ಹೇಗಿಡಬೇಕು?" ಕೆಲವರು ಇನ್ನೊಂದು ಸೇರಿಸುತ್ತಾರೆ. "ಕವರ್‌ಗಳು ಎಷ್ಟು ಚೆಂದ ಇವೆ. ಗೋಡೆಗೆ ಹಾಕಬಾರದಾ?"

ಎರಡಕ್ಕೂ ನನ್ನ ಉತ್ತರ ಒಂದೇ. ಮನೆಯವರು ಓಡಾಡುವ ಕಡೆ ಇಡಿ, ವಾರಕ್ಕೊಮ್ಮೆಯಾದರೂ ಕೈ ತಾಗುವ ಕಡೆ ಇಡಿ. ಅದಕ್ಕೂ ಮೊದಲು ಅಟ್ಟದಿಂದ ಇಳಿಸಿ. ಈ ಭಾನುವಾರವೇ ಇಳಿಸಿ.

ಅಟ್ಟದ ಬಗ್ಗೆ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ನಮ್ಮ ಅಜ್ಜನ ಪ್ಲೇಟುಗಳು. ಅಜ್ಜನ ಮನೆ ತೀರ್ಥಹಳ್ಳಿ ಕಡೆ. ಪ್ಲೇಯರ್ ಕೆಟ್ಟು ಮೂಲೆ ಸೇರಿದ ಮೇಲೆ ಪ್ಲೇಟುಗಳನ್ನೆಲ್ಲ ಗಂಟು ಕಟ್ಟಿ ಅಡುಗೆಮನೆಯ ಅಟ್ಟಕ್ಕೆ ಏರಿಸಿದರು. ಅದರಲ್ಲಿ ಒಂದು ಲೆಕ್ಕಾಚಾರವೂ ಇತ್ತು. ಮಲೆನಾಡಿನ ಮಳೆಗಾಲದಲ್ಲಿ ಮನೆಯೊಳಗೆ ಒಣಗಿದ ಜಾಗ ಅಂದರೆ ಒಲೆಯ ಮೇಲಿನ ಅಟ್ಟ ಮಾತ್ರ. ಬಿತ್ತನೆ ಬೀಜ, ಅಡಿಕೆ, ಹಪ್ಪಳದ ಡಬ್ಬ ಎಲ್ಲ ಅಲ್ಲೇ ಇರೋದು. ಬೀಜ ಕೆಡದ ಜಾಗದಲ್ಲಿ ಹಾಡು ಕೆಡುತ್ತದೆ ಅಂತ ಯಾರಿಗೆ ಹೊಳೆದೀತು?

ಇಪ್ಪತ್ತು ವರ್ಷ ಆದ ಮೇಲೆ ನಾನು ಹತ್ತಿ ಗಂಟು ಬಿಚ್ಚಿದೆ. ಎಲ್‌ಪಿಗಳು, ಅಂದರೆ ವಿನೈಲ್ ಅನ್ನುವ ಪ್ಲಾಸ್ಟಿಕ್‌ನ ದೊಡ್ಡ ಪ್ಲೇಟುಗಳು, ಬೋಗುಣಿಯ ಹಾಗೆ ಬಾಗಿದ್ದವು. ವಿನೈಲ್ ಸುಮಾರು 60 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. ಆದರೆ ಬಾಗಲು ಅಷ್ಟು ಬಿಸಿಯೂ ಬೇಕಿಲ್ಲ. ಸ್ವಲ್ಪ ಬಿಸಿ, ಮೇಲಿಂದ ಭಾರ, ಜೊತೆಗೆ ವರ್ಷಗಳು ಸಾಕು. ಅಡಿಯಲ್ಲಿದ್ದ ಹಳೇ 78ರ ಪ್ಲೇಟುಗಳು (ನಿಮಿಷಕ್ಕೆ 78 ಸುತ್ತು ತಿರುಗುವಂಥವು) ಭಾರಕ್ಕೆ ಸೀಳಿದ್ದವು. ಕವರ್‌ಗಳ ಮೇಲೆ ಒಲೆಯ ಮಸಿ ಒರೆಸಿದರೂ ಹೋಗದ ಹಾಗೆ ಕೂತಿತ್ತು. ನೂರರ ಹತ್ತಿರ ಇದ್ದವುಗಳಲ್ಲಿ ಉಳಿದದ್ದು ಮೂವತ್ತನಾಲ್ಕು. ಒಂದು ಸಲ, ಎರಡನೇ ವರ್ಷದಲ್ಲೋ ಮೂರನೇ ವರ್ಷದಲ್ಲೋ ಯಾರಾದರೂ ಬಿಚ್ಚಿ ನೋಡಿದ್ದರೆ ಇನ್ನೂ ಅರ್ಧ ಉಳಿಯುತ್ತಿತ್ತು. ಯಾರೂ ನೋಡಲಿಲ್ಲ, ಯಾಕೆಂದರೆ ಕಣ್ಣಿಗೆ ಬೀಳುತ್ತಿರಲಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಅವು ಹಾಲ್‌ನಲ್ಲಿವೆ. ಊಟದ ಮೇಜಿನಿಂದ ನಾಲ್ಕು ಹೆಜ್ಜೆ.

ಕಪಾಟಿನ ವಿಷಯಕ್ಕೆ ಬರುತ್ತೇನೆ. ಬಡಗಿಗೆ ಹೇಳುವಾಗ ಅಂದಾಜಿನ ಮಾತು ಬೇಡ, ಅಳತೆ ಕೊಡಿ. ಎಲ್‌ಪಿ 12 ಇಂಚಿನದು, ಕವರ್ ಸೇರಿ ಹನ್ನೆರಡೂವರೆ ಹತ್ತಿರ ಬರುತ್ತದೆ. ಒಳಗಿನ ಎತ್ತರ ಹದಿಮೂರೂವರೆ ಇಂಚು ಇರಲಿ. ಆಳ 13 ಇಂಚು ಸಾಕು. ಹಲಗೆ ಮುಕ್ಕಾಲು ಇಂಚಿನ ಪ್ಲೈವುಡ್, ಅದಕ್ಕಿಂತ ತೆಳುವಾದದ್ದು ಬೇಡವೇ ಬೇಡ. ನೂರು ಎಲ್‌ಪಿ ಕವರ್ ಸಮೇತ 20 ಕೆಜಿ ದಾಟುತ್ತವೆ. ಪುಸ್ತಕದ ಲೆಕ್ಕದಲ್ಲಿ ಮಾಡಿಸಿದ ಉದ್ದನೆಯ ಹಲಗೆ ಎರಡೇ ವರ್ಷದಲ್ಲಿ ನಡುವೆ ಜೋತು ಬೀಳುತ್ತದೆ. ಅದಕ್ಕೇ 14 ಇಂಚಿಗೊಂದು ಅಡ್ಡಗೋಡೆ ಹಾಕಿಸಿ. ಅಂಥ ಒಂದು ಖಾನೆಯಲ್ಲಿ ಎಂಬತ್ತು ಎಲ್‌ಪಿ ಆರಾಮಾಗಿ ನಿಲ್ಲುತ್ತವೆ.

ನಿಲ್ಲಬೇಕು, ಮಲಗಬಾರದು. ಒಂದರ ಮೇಲೊಂದು ಮಲಗಿಸಿದರೆ ಅಡಿಯದಕ್ಕೆ ಪೂರ್ತಿ ಭಾರ. ಓರೆಯಾಗಿ ಒರಗಿಸಿದರೂ ನಿಧಾನಕ್ಕೆ ಬಾಗುತ್ತವೆ. ನೆಟ್ಟಗೆ, ಪಕ್ಕದ್ದು ಆಸರೆ ಕೊಡುವಷ್ಟು ಹತ್ತಿರ, ಆದರೆ ಎರಡು ಬೆರಳು ಹಾಕಿ ಸಲೀಸಾಗಿ ಎಳೆಯುವಷ್ಟು ಸಡಿಲ. ಒತ್ತಿ ತುಂಬಿದರೆ ಒಳಗಿನ ಪ್ಲೇಟಿನ ಅಂಚು ಕವರ್ ಮೇಲೆ ಬಳೆಯ ಹಾಗೆ ಗುಂಡಗೆ ಮೂಡುತ್ತದೆ. ಆ ಗುರುತು ಮತ್ತೆ ಹೋಗುವುದಿಲ್ಲ.

ಯಾವ ಗೋಡೆಗೆ ಇಡುತ್ತೀರಿ ಅನ್ನೋದೂ ಮುಖ್ಯ. ಹೊರಗೋಡೆ ಬೇಡ. ನಮ್ಮ ಕಡೆ ಜುಲೈ ತಿಂಗಳಲ್ಲಿ ಹೊರಗೋಡೆ ಒಳಗಿನಿಂದಲೇ ಒಸರುತ್ತದೆ. ಪಡುವಣ ಗೋಡೆಯಾದರೆ ಬೇಸಿಗೆಯಲ್ಲಿ ರಾತ್ರಿಯವರೆಗೂ ಬಿಸಿ ಬಿಡುತ್ತಿರುತ್ತದೆ. ಎರಡು ಕೋಣೆಗಳ ನಡುವಿನ ಒಳಗೋಡೆ ಒಳ್ಳೆಯದು. ಕಪಾಟಿಗೂ ಗೋಡೆಗೂ ನಡುವೆ ಎರಡು ಇಂಚು ಗಾಳಿ ಆಡಲಿ. ಕೆಳಗಿನ ಖಾನೆ ನೆಲದಿಂದ ಅರ್ಧ ಅಡಿ ಮೇಲಿರಲಿ. ನೆಲ ಒರೆಸುವ ನೀರು, ಬೆಳ್ಳಿಹುಳ, ಗೆದ್ದಲು, ಮೂರೂ ಕೆಳಗಿನಿಂದಲೇ ಬರೋದು. ಬಾಗಿಲು ಬೇಡ. ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಕ್ಷೇಮ ಅಂತ ಅನ್ನಿಸುತ್ತದೆ. ಆದರೆ ಮುಚ್ಚಿದ ಬೀರುವಿನೊಳಗೆ ಸೇರಿಕೊಂಡ ತೇವ ಹೊರಗೆ ಹೋಗುವುದಿಲ್ಲ.

ತೇವದ್ದೇ ನಮ್ಮ ದೊಡ್ಡ ಚಿಂತೆ. ಗಾಳಿಯ ತೇವ ಶೇಕಡ 70ರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟು ಶುರು. ತೇವ ತೋರಿಸುವ ಪುಟ್ಟ ಮೀಟರ್ ಸಿಗುತ್ತದೆ, ಬೆಲೆಯೂ ಕಡಿಮೆ. ಒಂದು ತಂದು ಕಪಾಟಿನಲ್ಲಿಡಿ. ಮಳೆ ಹಿಡಿದಾಗ ನಮ್ಮಲ್ಲಿ ಅದು 85 ತೋರಿಸುತ್ತದೆ. ಆಗ ಸಂಜೆ ಹೊತ್ತು ಕಿಟಕಿ ಮುಚ್ಚಿ ತೇವ ಹೀರುವ ಯಂತ್ರ ಹಾಕುತ್ತೇನೆ. ಅದಿಲ್ಲದ ಮನೆಯಲ್ಲಿ ಫ್ಯಾನ್ ಗಾಳಿಯಾದರೂ ಕಪಾಟಿಗೆ ತಾಗಲಿ. ಬೂಷ್ಟು ವಿನೈಲನ್ನೇ ತಿನ್ನುವುದು ಕಡಿಮೆ. ಅದಕ್ಕೆ ಬೇಕಾದ್ದು ಕವರ್‌ನ ಕಾಗದ, ನಮ್ಮ ಬೆರಳಿನ ಜಿಡ್ಡು, ಧೂಳು. ಅದಕ್ಕೇ ಪ್ಲೇಟನ್ನು ಅಂಚು ಮತ್ತು ನಡುವಿನ ಲೇಬಲ್ ಮಾತ್ರ ತಾಗುವ ಹಾಗೆ ಹಿಡಿಯಬೇಕು. ನನ್ನ ಮಗಳಿಗೆ ಆರು ವರ್ಷಕ್ಕೇ ಇದು ಬಂದಿತ್ತು. ಕಷ್ಟವೇನಿಲ್ಲ.

ಹೊರಗಿನಿಂದ ತಂದದ್ದನ್ನು ನೇರವಾಗಿ ಕಪಾಟಿಗೆ ಸೇರಿಸಬೇಡಿ. ಒಂದು ಸಲ ಹಳೇ ಹತ್ತು ಎಲ್‌ಪಿ ತಂದು ಅವಸರಕ್ಕೆ ಹಾಗೇ ನಿಲ್ಲಿಸಿಬಿಟ್ಟೆ. ಒಂದೇ ತಿಂಗಳಲ್ಲಿ ಅಕ್ಕಪಕ್ಕದ ಕವರ್‌ಗಳ ಮೇಲೂ ಬಿಳಿ ಚುಕ್ಕೆ ಎದ್ದಿತು. ಈಗ ಹೊಸದಾಗಿ ಬಂದವು ಎರಡು ವಾರ ಬೇರೆ ಕೋಣೆಯಲ್ಲಿರುತ್ತವೆ. ತೊಳೆದು, ಒಣಗಿಸಿ, ಒಳಚೀಲ ಬದಲಿಸಿ, ಆಮೇಲೆ ಸೇರಿಸುತ್ತೇನೆ. ಒಳಚೀಲ, ಹೊರಚೀಲ ಎರಡೂ ಪಾಲಿಥಿನ್ ಅಥವಾ ಪಾಲಿಪ್ರೊಪಿಲಿನ್‌ನದ್ದಿರಲಿ. ಗಾಜಿನ ಹಾಗೆ ಹೊಳೆಯುವ ದಪ್ಪ ಪಿವಿಸಿ ಚೀಲ ನೋಡೋಕೆ ಚೆಂದ. ಆದರೆ ಅದರೊಳಗೆ ವರ್ಷಗಟ್ಟಲೆ ಇದ್ದ ಪ್ಲೇಟಿನ ಮೇಲೆ ಮಂಜು ಕವಿದ ಹಾಗೆ ಒಂದು ಪದರ ಕೂರುತ್ತದೆ, ತೊಳೆದರೂ ಹೋಗುವುದಿಲ್ಲ. ನನ್ನ ಐದು ಒಳ್ಳೆಯ ಪ್ಲೇಟುಗಳು ಹಾಗೆ ಹೋದವು.

ತೊಳೆಯುವ ವಿಷಯದಲ್ಲಿ ಒಂದು ಮಾತು ಮಾತ್ರ ಮರೆಯಬೇಡಿ. 78ರ ಪ್ಲೇಟಿಗೆ ಸ್ಪಿರಿಟ್ ತಾಗಿಸಬೇಡಿ. ಎಲ್‌ಪಿ ವಿನೈಲಿನದ್ದು. 78ರದ್ದು ಅರಗಿನದ್ದು. ಹೌದು, ಮಹಾಭಾರತದ ಅರಗಿನ ಮನೆಯ ಅದೇ ಅರಗು. ಚನ್ನಪಟ್ಟಣದ ಬೊಂಬೆಗಳ ಮೇಲೆ ಚರಕಿಯಲ್ಲಿ ತಿರುಗಿಸುತ್ತಾ ಬಣ್ಣ ಹತ್ತಿಸುತ್ತಾರಲ್ಲ, ಆ ಬಣ್ಣವನ್ನು ಹಿಡಿದಿಡುವುದೂ ಅರಗೇ. ಮರದ ಮೇಲೆ ಬಾಳುವ ಪುಟ್ಟ ಹುಳುಗಳು ಸುರಿಸುವ ಅಂಟು ಅದು. ಅದಕ್ಕೆ ಕಲ್ಲಿನ ಪುಡಿ ಬೆರೆಸಿ, ಕಾಯಿಸಿ, ಒತ್ತಿ ಆ ಕಾಲದ ಪ್ಲೇಟು ಮಾಡುತ್ತಿದ್ದರು. ಕಲ್ಕತ್ತದ ಹತ್ತಿರ ಡಮ್ ಡಮ್‌ನಲ್ಲಿದ್ದ ಎಚ್‌ಎಂವಿ ಗ್ರಾಮಫೋನ್ ಕಂಪನಿಯ ಕಾರ್ಖಾನೆಯಿಂದ ಅವು ನಮ್ಮೂರುಗಳವರೆಗೂ ಬಂದವು. ಪೀಠೋಪಕರಣಕ್ಕೆ ಪಾಲಿಶ್ ಹಾಕುವವರು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ಹಾಗಿರುವಾಗ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ 78ರ ಪ್ಲೇಟು ಒರೆಸಿದರೆ ಹಾಡನ್ನೇ ಒರೆಸಿದ ಹಾಗೆ, ಅಲ್ವಾ? ಲೇಬಲ್ ನೆನೆಯದ ಹಾಗೆ ಬರೀ ನೀರು, ಮೆತ್ತಗಿನ ಬಟ್ಟೆ, ಬೇಗ ಒಣಗಿಸುವುದು, ಅಷ್ಟೇ. ಇವು ಸಾಮಾನ್ಯವಾಗಿ 10 ಇಂಚಿನವು, ಭಾರ ಜಾಸ್ತಿ, ಕೈ ಜಾರಿದರೆ ಚೂರು. ಅವಕ್ಕೆ ಬೇರೆ ಖಾನೆ, ದಪ್ಪ ಕಾಗದದ ಚೀಲ. ಎಲ್‌ಪಿಗಳ ಮಧ್ಯೆ ಸಿಕ್ಕಿಸಬೇಡಿ.

ಇನ್ನು ಜೋಡಿಸುವುದು. ಕ್ಯಾಟಲಾಗ್ ನಂಬರ್ ಹಿಡಿದು ಜೋಡಿಸುವವರಿದ್ದಾರೆ. ನಾನು ಹಾಡಿದವರ ಹೆಸರು ಹಿಡಿದು ಜೋಡಿಸುತ್ತೇನೆ, ಸಿನಿಮಾ ಇಪಿಗಳು (ಏಳು ಇಂಚಿನ ಸಣ್ಣ ಪ್ಲೇಟುಗಳು) ಮಾತ್ರ ಬೇರೆ. ಆದರೆ ಲೇಬಲ್ ಮೇಲಿನ ಹೆಸರನ್ನೇ ನಂಬಿದರೆ ಕೆಲವು ಸಲ ದಾರಿ ತಪ್ಪುತ್ತದೆ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಬಂದದ್ದು ಗಾಂಧಾರಿ ಅನ್ನುವ ಹೆಸರಲ್ಲಿ. ಗೊತ್ತಿಲ್ಲದವರು ಅದನ್ನು ಬೇರೆ ಯಾರದೋ ಅಂತ ಪಕ್ಕಕ್ಕಿಡುತ್ತಾರೆ. ಅದಕ್ಕೇ ಪ್ರತಿ ಚೀಲದೊಳಗೆ ಒಂದು ಚೀಟಿ: ಯಾರು, ಯಾವ ರಾಗ ಅಥವಾ ಸಿನಿಮಾ, ಯಾರ ಮನೆಯಿಂದ ಬಂತು. ಈ ಕೊನೆಯದನ್ನು ಬಿಡಬೇಡಿ. ಹತ್ತು ವರ್ಷ ಆದ ಮೇಲೆ ಅದು ನಿಮಗೂ ನೆನಪಿರುವುದಿಲ್ಲ.

ಗೋಡೆಗೆ ಹಾಕುವ ಮಾತು ಉಳಿಯಿತು. ಪ್ಲೇಟಿಗೆ ಮೊಳೆ ಹೊಡೆದು ಅಲಂಕಾರ ಮಾಡಿದ್ದನ್ನು ಹೋಟೆಲ್‌ಗಳಲ್ಲಿ ನೋಡಿದ್ದೇನೆ. ಪ್ರತಿ ಸಲ ಸಂಕಟ ಆಗುತ್ತದೆ. ಕವರ್ ಹಾಕಬೇಕಾದರೆ ಬರೀ ಕವರ್ ಹಾಕಿ, ಪ್ಲೇಟನ್ನು ಬಿಳಿ ಚೀಲದಲ್ಲಿ ಕಪಾಟಿನಲ್ಲೇ ಬಿಡಿ. ಬಿಸಿಲು ಬೀಳುವ ಗೋಡೆಯಲ್ಲಿ ಕೆಂಪು, ಹಳದಿ ಬಣ್ಣಗಳು ಮೊದಲು ಮಾಸುತ್ತವೆ. ನಾನು ಮಾಡಿಸಿದ್ದು ಒಂದು ಸಣ್ಣ ಪಟ್ಟಿ: ಮೂರಡಿ ಉದ್ದ, ನಾಲ್ಕು ಇಂಚು ಅಗಲ, ಮುಂದೆ ಜಾರದ ಹಾಗೆ ಅರ್ಧ ಇಂಚಿನ ಅಂಚು. ಅದರ ಮೇಲೆ ಎರಡು ಕವರ್ ನಿಲ್ಲುತ್ತವೆ, ಪಕ್ಕದಲ್ಲಿ ಒಂದು ಇಪಿ. ಭಾನುವಾರ ಬೆಳಗ್ಗೆ ಬದಲಿಸುತ್ತೇವೆ. ಬದಲಿಸಬೇಕಾದರೆ ಕಪಾಟಿಗೆ ಕೈ ಹಾಕಲೇಬೇಕು, ನಾಲ್ಕಾರು ಎಳೆದು ನೋಡಲೇಬೇಕು. ಬೂಷ್ಟು, ಹುಳ, ಬಾಗಿದ್ದು, ಏನಿದ್ದರೂ ಆಗಲೇ ಕಾಣುತ್ತದೆ.

ಮೊನ್ನೆ ಪಟ್ಟಿಯ ಮೇಲೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಎಲ್‌ಪಿ ಇತ್ತು, 1963ರ ಧ್ವನಿಮುದ್ರಣ. ಪಕ್ಕದ ಮನೆಯ ಅಜ್ಜಿ ಮೊಸರಿಗೆ ಹೆಪ್ಪು ಕೇಳೋಕೆ ಬಂದವರು ಅಲ್ಲೇ ನಿಂತರು. "ಇದು ನಮ್ಮನೇಲೂ ಇತ್ತು ಕಣೋ. ಹಾಕ್ತೀಯಾ ಒಂಚೂರು?" ಅಂದರು. ಸಂಜೆ ಐದೂವರೆಗೆ ನಮ್ಮ ಮನೆಯಲ್ಲಿ ಸುಪ್ರಭಾತ ಆಯಿತು. ಅಜ್ಜಿ ಒಂದು ಬದಿ ಪೂರ್ತಿ ಕೇಳಿ ಎದ್ದರು. ಮುಚ್ಚಿದ ಬೀರುವಿನಲ್ಲಿದ್ದಿದ್ದರೆ ಅವರು ಹೆಪ್ಪು ತಗೊಂಡು ಹೋಗಿರುತ್ತಿದ್ದರು.

ಬಾಡಿಗೆ ಮನೆಯವರು ಇಷ್ಟೆಲ್ಲ ಹೇಗೆ ಮಾಡಿಸೋದು ಅಂತ ಕೇಳುತ್ತಾರೆ. ಕಪಾಟು ಬೇಡ. ಅದೇ ಅಳತೆಯ, ಮುಂದೆ ತೆರೆದ ಮರದ ಪೆಟ್ಟಿಗೆ ಎರಡೋ ಮೂರೋ ಮಾಡಿಸಿ. ಒಂದರ ಮೇಲೊಂದು ಇಟ್ಟರೆ ಅದೇ ಕಪಾಟು. ಮನೆ ಬದಲಿಸುವಾಗ ಬಿಚ್ಚುವ ಕೆಲಸವಿಲ್ಲ, ಮುಂದಿನ ಬದಿಗೊಂದು ಹಲಗೆ ಕಟ್ಟಿ ಹಾಗೇ ಎತ್ತಿದರಾಯಿತು. ಎರಡೂ ಪಕ್ಕಕ್ಕೆ ಕೈ ಹಿಡಿಯುವಷ್ಟು ತೂತು ಕೊರೆಸಿ. ಸಾಗಿಸುವ ದಿನ ಒಂದೊಂದರಲ್ಲಿ ಐವತ್ತಕ್ಕಿಂತ ಜಾಸ್ತಿ ತುಂಬಬೇಡಿ, ಸಡಿಲ ಉಳಿದ ಜಾಗಕ್ಕೆ ಹಳೇ ಟವೆಲ್ ತುರುಕಿ. ಬೇಸಿಗೆಯಾದರೆ ಬೆಳಗ್ಗೆ ಬೇಗ ಹೊರಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಟ್ಟು ಊಟಕ್ಕೆ ಹೋಗಬೇಡಿ.